ಜೇಬಿಗೆ ಕೈ ಹಾಕುವ ಮೊದಲು ಕಾರಣ ಬರೆಯಿರಿ: ಪೊಲೀಸ್ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪೊಲೀಸ್ ಮಹಾನಿರ್ದೇಶಕರು ಹಾಗೂ ಮಹಾನಿರೀಕ್ಷಕರು,
ಕರ್ನಾಟಕ ರಾಜ್ಯ ಪೊಲೀಸ್ ಕೇಂದ್ರ ಕಚೇರಿ,
ನೃಪತುಂಗ ರಸ್ತೆ, ಬೆಂಗಳೂರು.

ವಿಷಯ: ರಸ್ತೆ ತಪಾಸಣೆಯ ಹೆಸರಿನಲ್ಲಿ ನಾಗರಿಕರ ಮೈ, ಚೀಲ, ವಾಹನ ಮತ್ತು ಮೊಬೈಲ್‌ಗಳನ್ನು ಕಾರಣ ದಾಖಲಿಸದೆ ಶೋಧಿಸುತ್ತಿರುವ ಕುರಿತು.

ಮಾನ್ಯರೇ,

ನಾನು ಅಧೀನ ನ್ಯಾಯಾಲಯವೊಂದರ ಕಚೇರಿಯಲ್ಲಿ ಸೇವೆ ಸಲ್ಲಿಸಿ ಶಿರಸ್ತೇದಾರನಾಗಿ ನಿವೃತ್ತನಾದವನು. ವಕೀಲನಲ್ಲ, ಯಾವ ಸಂಘಟನೆಯ ಪದಾಧಿಕಾರಿಯೂ ಅಲ್ಲ. ಆದರೆ ನಿಮ್ಮ ಇಲಾಖೆ ಬರೆದ ಮಹಜರುಗಳನ್ನು, ಅಂದರೆ ಶೋಧ ಮತ್ತು ಜಪ್ತಿಯ ದಾಖಲೆಗಳನ್ನು, ನನ್ನಷ್ಟು ಓದಿದವರು ನಿಮ್ಮ ಇಲಾಖೆಯಲ್ಲೂ ಹೆಚ್ಚು ಮಂದಿ ಇರಲಾರರು. ಮುದ್ದೆಮಾಲನ್ನು (ಜಪ್ತಿಯಾದ ವಸ್ತುಗಳನ್ನು) ಪಟ್ಟಿಯೊಡನೆ ತಾಳೆ ನೋಡುವುದು, ಪಂಚರ, ಅಂದರೆ ಶೋಧದ ಸಾಕ್ಷಿಗಳ, ಸಹಿ ಇದೆಯೇ ಎಂದು ಪರಿಶೀಲಿಸುವುದು, ಕಡತವನ್ನು ನ್ಯಾಯಾಧೀಶರ ಮೇಜಿಗೆ ತಲುಪಿಸುವುದು ನನ್ನ ಕೆಲಸವಾಗಿತ್ತು. ಆ ಅಭ್ಯಾಸಬಲದಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಇಲಾಖೆಯ ಮೇಲಿನ ದ್ವೇಷ ಎಂದು ಭಾವಿಸಬಾರದಾಗಿ ವಿನಂತಿ.

ಈಚೆಗೆ ಒಂದು ರಾತ್ರಿ ನನ್ನ ತಂಗಿಯ ಮಗನ ಕಾರಿನಲ್ಲಿ ಊರಿಗೆ ಮರಳುತ್ತಿದ್ದಾಗ ಜಿಲ್ಲಾ ಕೇಂದ್ರವೊಂದರ ಹೊರವಲಯದ ನಾಕಾಬಂದಿಯಲ್ಲಿ ನಮ್ಮನ್ನು ನಿಲ್ಲಿಸಿದರು. ಯಾವ ಜಿಲ್ಲೆ, ಯಾವ ಠಾಣೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ರಾತ್ರಿ ಅಲ್ಲಿದ್ದ ಮೂರು ನಾಲ್ಕು ಮಂದಿಯನ್ನು ಅಮಾನತು ಮಾಡಿ, ಪತ್ರಿಕಾ ಪ್ರಕಟಣೆ ಕೊಟ್ಟು, ಕಡತ ಮುಚ್ಚುವುದು ಸುಲಭವಾಗುತ್ತದೆ. ನಾನು ಕೇಳುತ್ತಿರುವುದು ಅದನ್ನಲ್ಲ.

ನಮ್ಮ ಮುಂದೆ ಒಂದು ಬೈಕಿನಲ್ಲಿ ಇಬ್ಬರು ಯುವಕರಿದ್ದರು. ಎರಡನೇ ಪಾಳಿ ಮುಗಿಸಿ ಹೊರಟವರು. ಮೈಮೇಲೆ ಕಾರ್ಖಾನೆಯ ಸಮವಸ್ತ್ರ ಇನ್ನೂ ಇತ್ತು. ಹೆಲ್ಮೆಟ್ ಇತ್ತು. ಚಾಲನಾ ಪರವಾನಗಿ, ನೋಂದಣಿ ಪತ್ರ, ವಿಮೆ ಎಲ್ಲವನ್ನೂ ಮೊಬೈಲಿನ ಡಿಜಿಲಾಕರ್‌ನಲ್ಲಿ ತೋರಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗೃಹರಕ್ಷಕ ಸಿಬ್ಬಂದಿಯೊಬ್ಬರು ಅವರ ಜೇಬುಗಳನ್ನು ತಡಕಿದರು, ಊಟದ ಡಬ್ಬಿಯ ಮುಚ್ಚಳ ತೆಗೆಸಿದರು. ಕಾನ್‌ಸ್ಟೇಬಲ್ ಒಬ್ಬರು ಪರವಾನಗಿ ನೋಡಲೆಂದು ಪಡೆದಿದ್ದ ಮೊಬೈಲನ್ನು ಹಿಂದಿರುಗಿಸದೆ ಅದರಲ್ಲಿನ ವಾಟ್ಸ್ಆ್ಯಪ್ ತೆರೆದು, ಹುಡುಕುವ ಜಾಗದಲ್ಲಿ ಏನೇನೋ ಪದಗಳನ್ನು ಒತ್ತಿ ನೋಡುತ್ತಾ ನಿಂತರು. ಅಧಿಕಾರಿ ಎನ್ನಬಹುದಾದವರು ಜೀಪಿನೊಳಗೆ ಕುಳಿತಿದ್ದರು, ಕೆಳಗಿಳಿಯಲಿಲ್ಲ.

ಪಕ್ಕದಲ್ಲಿ ಆಟೊ ಒಂದನ್ನು ನಿಲ್ಲಿಸಿದ್ದರು. ಅದರೊಳಗಿದ್ದ ಮಹಿಳೆಯ ಕೈಚೀಲವನ್ನು ಪುರುಷ ಸಿಬ್ಬಂದಿಯೇ ಸೀಟಿನ ಮೇಲೆ ಬೋರಲು ಹಾಕಿದರು. ಹೆಣ್ಣುಮಗಳೊಬ್ಬಳು ಅಪರಿಚಿತರ ಎದುರು ಹರಡಲು ಬಯಸದ ವಸ್ತುಗಳೆಲ್ಲ ಟಾರ್ಚಿನ ಬೆಳಕಿನಲ್ಲಿ ಬಿದ್ದಿದ್ದವು. ಆಕೆ ಒಂದು ಮಾತನ್ನೂ ಆಡಲಿಲ್ಲ. ನಮ್ಮ ಕಾರಿನ ಡಿಕ್ಕಿ ತೆರೆಸಿ, ನನ್ನ ಬಟ್ಟೆಯ ಚೀಲವನ್ನೂ ಔಷಧದ ಪೆಟ್ಟಿಗೆಯನ್ನೂ ಕೆದಕಿದರು. ನನ್ನ ಮೈ ಮುಟ್ಟಲಿಲ್ಲ, ‘ಯಜಮಾನರೇ’ ಎಂದೇ ಕರೆದರು. ಬಿಳಿಗೂದಲಿಗೆ ಸಿಗುವ ಈ ಮರ್ಯಾದೆ ಬೈಕಿನ ಹುಡುಗರಿಗೆ ಸಿಕ್ಕಿರಲಿಲ್ಲ.

ಯಾವ ಕಾಯ್ದೆಯ ಯಾವ ಕಲಮಿನ ಪ್ರಕಾರ ಇದೆಲ್ಲ ನಡೆಯುತ್ತಿದೆ ಎಂದು ಕೇಳಿದೆ. ‘ಸಾಹೇಬರ ಆದೇಶ’ ಎಂಬ ಉತ್ತರ ಬಂತು. ಆದೇಶದ ಪ್ರತಿ ಕೇಳಿದೆ. ಕರ್ತವ್ಯಕ್ಕೆ ಅಡ್ಡಿಪಡಿಸಿದರೆ ಪ್ರಕರಣ ದಾಖಲಿಸಬೇಕಾಗುತ್ತದೆ ಎಂದರು. ತಂಗಿಯ ಮಗ ನನ್ನ ತೋಳು ಹಿಡಿದು ಕಾರಿನೊಳಗೆ ಕೂರಿಸಿದ. ಯಾರ ಬಳಿಯೂ ಏನೂ ಸಿಗಲಿಲ್ಲ. ಎಲ್ಲರನ್ನೂ ಬಿಟ್ಟುಕಳುಹಿಸಿದರು. ಯಾವ ಪುಸ್ತಕದಲ್ಲೂ ಒಂದು ಸಾಲು ಬರೆಯಲಿಲ್ಲ, ಯಾರ ಎದೆಯ ಮೇಲಿನ ಕ್ಯಾಮೆರಾವೂ ಚಾಲೂ ಇರುವಂತೆ ಕಾಣಲಿಲ್ಲ.

ಈ ಕೊನೆಯ ಸಂಗತಿಯೇ ನನ್ನನ್ನು ಕಾಡುತ್ತಿರುವುದು. ಸೇವೆಯುದ್ದಕ್ಕೂ ನಾನು ನೋಡಿದ ಮಹಜರುಗಳಲ್ಲೆಲ್ಲ ಏನಾದರೊಂದು ಸಿಕ್ಕೇ ಇರುತ್ತಿತ್ತು: ಗಾಂಜಾ, ಕಳವಿನ ಬಂಗಾರ, ಚಾಕು, ಮದ್ಯದ ಬಾಟಲಿ. ನ್ಯಾಯಾಲಯದ ಬಾಗಿಲಿಗೆ ಬರುವುದು ಸಿಕ್ಕ ಶೋಧಗಳು ಮಾತ್ರ. ಏನೂ ಸಿಗದೆ ಮುಗಿದ ಶೋಧಗಳು ಎಷ್ಟು, ಅವಕ್ಕೆ ಕಾರಣಗಳೇನಿದ್ದವು, ಯಾರ ಮೈಮೇಲೆ ನಡೆದವು ಎಂಬುದು ನ್ಯಾಯಾಧೀಶರಿಗೆ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ ಎಂದೇ ನನ್ನ ಅನುಮಾನ. ತಪ್ಪು ಮಾಡಿದವನ ಮೇಲಿನ ಶೋಧಕ್ಕೆ ಪಂಚನಾಮೆ, ಸಾಕ್ಷಿ, ಸೀಲು, ಸಹಿ ಎಲ್ಲ ಇವೆ. ಏನೂ ಮಾಡದವನ ಮೇಲಿನ ಶೋಧಕ್ಕೆ ಒಂದು ಚೀಟಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಈ ಪತ್ರವನ್ನು ಸಾರ್ವಜನಿಕರೂ ಓದುತ್ತಾರೆ, ನಾಕಾಬಂದಿಯಲ್ಲಿ ನಿಲ್ಲುವ ಸಿಬ್ಬಂದಿಯೂ ಓದಲಿ ಎಂಬ ಆಸೆಯಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ವಾಹನ ನಿಲ್ಲಿಸುವ ಅಧಿಕಾರ ಇದೆ, ಅದರಲ್ಲಿ ತಕರಾರಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 132ನೇ ಕಲಮಿನಂತೆ, ವಾಹನ ಅಪಘಾತದಲ್ಲಿ ಸಿಲುಕಿದ್ದರೆ, ಸಮವಸ್ತ್ರದಲ್ಲಿರುವ, ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿ ಸೂಚಿಸಿದಾಗ ಚಾಲಕ ನಿಲ್ಲಿಸಬೇಕು. 130ನೇ ಕಲಮಿನಂತೆ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೆ ಪರವಾನಗಿ ತೋರಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಮೊಬೈಲಿನಲ್ಲಿ ತೋರಿಸಿದ ದಾಖಲೆಗೂ ಮಾನ್ಯತೆ ಇದೆ. ಕುಡಿದು ಓಡಿಸಿದ ಶಂಕೆಯಿದ್ದರೆ ಉಸಿರಿನ ಪರೀಕ್ಷೆ ಮಾಡಬಹುದು. ನೋಂದಣಿ ಅಥವಾ ಪರ್ಮಿಟ್ ಇಲ್ಲದ ವಾಹನವನ್ನು 207ನೇ ಕಲಮಿನಡಿ ತಡೆದಿಡಬಹುದು. ಇಷ್ಟೆಲ್ಲ ಅಧಿಕಾರ ಕೊಟ್ಟ ಆ ಕಾಯ್ದೆಯಲ್ಲಿ ಚಾಲಕನ ಜೇಬು ತಡಕುವ ಮಾತಿಲ್ಲ, ಬೈಕಿನ ಕೀಲಿ ಕಿತ್ತುಕೊಳ್ಳುವ ಮಾತೂ ಇಲ್ಲ.

ಜೇಬಿನ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೆ ಸೇರಿದ್ದು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಇದು ಜಾರಿಯಲ್ಲಿದೆ. ಇದರಲ್ಲಿ ವ್ಯಕ್ತಿಯ ಮೈ ಶೋಧಕ್ಕೆ ಎರಡು ಮುಖ್ಯ ಸಂದರ್ಭಗಳನ್ನು ಹೇಳಲಾಗಿದೆ. ಒಂದು, ಬಂಧಿಸಿದ ನಂತರ, 49ನೇ ಕಲಮಿನಡಿ. ಆಗ ವಶಪಡಿಸಿಕೊಂಡ ವಸ್ತುಗಳಿಗೆ ರಸೀದಿ ಕೊಡಬೇಕು. ಇನ್ನೊಂದು, ಸ್ಥಳವೊಂದನ್ನು ಕಾನೂನುಬದ್ಧವಾಗಿ ಶೋಧಿಸುತ್ತಿರುವಾಗ, ಹುಡುಕುತ್ತಿರುವ ವಸ್ತುವನ್ನು ಅಲ್ಲಿದ್ದವನು ಮೈಮೇಲೆ ಬಚ್ಚಿಟ್ಟಿದ್ದಾನೆ ಎಂಬ ಸಕಾರಣ ಶಂಕೆ ಬಂದರೆ, 103ನೇ ಕಲಮಿನಡಿ. ಕಳವಿನದೆಂದು ಅಥವಾ ಅಪರಾಧಕ್ಕೆ ಸಂಬಂಧಿಸಿದ್ದೆಂದು ಶಂಕೆ ಹುಟ್ಟಿಸುವ ಸ್ಥಿತಿಯಲ್ಲಿ ಕಂಡ ವಸ್ತುವನ್ನು 106ನೇ ಕಲಮಿನಡಿ ಜಪ್ತಿ ಮಾಡಬಹುದು, ಅದೂ ನಿಜ. ಶಸ್ತ್ರಾಸ್ತ್ರ, ಅಬಕಾರಿ, ಮಾದಕವಸ್ತು ಕಾಯ್ದೆಗಳಲ್ಲಿ ಪ್ರತ್ಯೇಕ ಅಧಿಕಾರಗಳಿವೆ. ಆದರೆ ಎಲ್ಲಕ್ಕೂ ಮೊದಲು ಒಂದು ಶಂಕೆ, ಆ ಶಂಕೆಗೊಂದು ಆಧಾರ ಬೇಕು. ರಾತ್ರಿ ಹನ್ನೊಂದರ ನಂತರ ರಸ್ತೆಯಲ್ಲಿರುವುದು ಆಧಾರವಲ್ಲ. ಸಾಲಾಗಿ ನಿಲ್ಲಿಸಿ ಒಬ್ಬರಾದ ಮೇಲೊಬ್ಬರ ಜೇಬು ನೋಡುವುದಕ್ಕೆ ಅನುಮತಿ ಕೊಡುವ ಕಲಮು ನನಗೆ ಎಲ್ಲೂ ಕಾಣಲಿಲ್ಲ. ನಿಮ್ಮ ಇಲಾಖೆಗೆ ಕಂಡಿದ್ದರೆ ದಯವಿಟ್ಟು ಅದರ ಸಂಖ್ಯೆಯನ್ನು ಪ್ರಕಟಿಸಬೇಕು.

ವಾಹನದ ವಿಷಯದಲ್ಲಿ ಜನರಿಗಷ್ಟೇ ಅಲ್ಲ, ಅನೇಕ ಸಿಬ್ಬಂದಿಗೂ ತಿಳಿಯದ ಒಂದು ಸಂಗತಿಯಿದೆ. ‘ಸ್ಥಳ’ ಎಂದರೆ ಏನೆಂದು ವಿವರಿಸುವಾಗ ಸಂಹಿತೆ ಮನೆ, ಕಟ್ಟಡ, ಗುಡಾರಗಳ ಜೊತೆಗೆ ವಾಹನವನ್ನೂ ಹಡಗನ್ನೂ ಸೇರಿಸಿದೆ. ಮನೆ ಹೊಕ್ಕು ಹುಡುಕಲು ಯಾವ ಕಟ್ಟುಪಾಡುಗಳಿವೆಯೋ ತನಿಖೆಗಾಗಿ ಕಾರಿನ ಡಿಕ್ಕಿ ತೆರೆಸಲೂ ಅವೇ ಅನ್ವಯವಾಗುತ್ತವೆ. 185ನೇ ಕಲಮನ್ನು ಓದಿದರೆ ಆ ಕಟ್ಟುಪಾಡುಗಳ ತೂಕ ಗೊತ್ತಾಗುತ್ತದೆ. ಠಾಣಾಧಿಕಾರಿ ಅಥವಾ ತನಿಖಾಧಿಕಾರಿಗೆ ನಿರ್ದಿಷ್ಟ ಅಪರಾಧವೊಂದರ ತನಿಖೆಗೆ ಬೇಕಾದ ವಸ್ತು ಅಲ್ಲಿ ಸಿಗುತ್ತದೆಂದು ನಂಬಲು ಸಕಾರಣ ಇರಬೇಕು, ವಾರಂಟಿಗಾಗಿ ಕಾದರೆ ಅನುಚಿತ ವಿಳಂಬವಾಗುವಂತಿರಬೇಕು, ನಂಬಿಕೆಯ ಕಾರಣಗಳನ್ನು ಕೇಸ್ ಡೈರಿಯಲ್ಲಿ ಬರೆದು ಯಾವ ವಸ್ತುವಿಗಾಗಿ ಹುಡುಕುತ್ತಿದ್ದೇನೆ ಎಂಬುದನ್ನೂ ಸಾಧ್ಯವಾದಷ್ಟು ನಮೂದಿಸಬೇಕು. ಶೋಧವನ್ನು ಧ್ವನಿ ಮತ್ತು ದೃಶ್ಯ ಸಹಿತ ಚಿತ್ರೀಕರಿಸಬೇಕು. ದಾಖಲೆಯ ಪ್ರತಿಯನ್ನು 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಸ್ಥಳದ ಮಾಲೀಕ ಅರ್ಜಿ ಹಾಕಿದರೆ ಅವನಿಗೂ ಉಚಿತವಾಗಿ ಪ್ರತಿ ಸಿಗಬೇಕು. 105ನೇ ಕಲಮು ಚಿತ್ರೀಕರಣವನ್ನು ಇನ್ನೊಮ್ಮೆ ಪ್ರತ್ಯೇಕವಾಗಿ ಕಡ್ಡಾಯ ಮಾಡುತ್ತದೆ. ಮೊಬೈಲ್ ಫೋನಿನಲ್ಲಾದರೂ ಸರಿ ಎನ್ನುತ್ತದೆ. ಉಪಕರಣ ಇರಲಿಲ್ಲ ಎಂಬ ನೆಪಕ್ಕೆ ಸಂಸತ್ತು ಜಾಗ ಬಿಟ್ಟಿಲ್ಲ.

ಗಮನಿಸಿ, ಏನಾದರೂ ಸಿಕ್ಕರೆ ಮಾತ್ರ ದಾಖಲೆ ಕಳುಹಿಸಿ ಎಂದು ಅಲ್ಲಿ ಬರೆದಿಲ್ಲ. ಹಳೆಯ ಸಂಹಿತೆಯ 165ನೇ ಕಲಮಿನಲ್ಲೂ ಪ್ರತಿಯನ್ನು ಕೂಡಲೇ ಕಳುಹಿಸಬೇಕೆಂದಿತ್ತು. ಹೊಸದರಲ್ಲಿ ಅದಕ್ಕೆ ಗಂಟೆಯ ಗಡುವು ಬಂದಿದೆ, ಅಷ್ಟೇ. ಹುಡುಕಿದೆವು, ಏನೂ ಸಿಗಲಿಲ್ಲ ಎಂದು ತಿಳಿಸುವ ಒಂದೇ ಒಂದು ವರದಿ ನನ್ನ ಮೇಜಿನ ಮೇಲೆ ಹಾದುಹೋದದ್ದು ನನಗೆ ನೆನಪಿಲ್ಲ.

ಮಾದಕವಸ್ತುಗಳ ಹೆಸರು ಹೇಳಿದರೆ ಎಲ್ಲ ಬಾಗಿಲುಗಳೂ ತೆರೆಯುತ್ತವೆ ಎಂಬ ಭಾವನೆ ಸಿಬ್ಬಂದಿಯಲ್ಲಿದೆ. ವಾಸ್ತವವಾಗಿ 1985ರ ಆ ಕಾಯ್ದೆಯೇ ಶೋಧಕ್ಕೆ ಅತ್ಯಂತ ಬಿಗಿಯಾದ ನಿಯಮಗಳನ್ನು ಹಾಕಿದೆ, ಏಕೆಂದರೆ ಅದರ ಶಿಕ್ಷೆಗಳು ಅಷ್ಟೇ ಕಠೋರ. 42ನೇ ಕಲಮಿನ ಅಧಿಕಾರ ಪ್ಯೂನ್, ಸಿಪಾಯಿ, ಕಾನ್‌ಸ್ಟೇಬಲ್ ದರ್ಜೆಗಿಂತ ಮೇಲಿನವರಿಗೆ ಮಾತ್ರ. ಬಂದ ಮಾಹಿತಿಯನ್ನು ಬರೆದಿಟ್ಟುಕೊಂಡು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳುಹಿಸಬೇಕು. ಸಾರ್ವಜನಿಕ ಸ್ಥಳದಲ್ಲಿ 43ನೇ ಕಲಮಿನಡಿ ಹೆಚ್ಚು ಸಡಿಲಿಕೆ ಇದೆ ಎನ್ನುವವರುಂಟು. ಆದರೆ ಸಾರ್ವಜನಿಕ ರಸ್ತೆಯಲ್ಲಿ ನಿಂತ ಖಾಸಗಿ ವಾಹನ ಆ ಸಡಿಲಿಕೆಗೆ ಒಳಪಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಬೂಟಾ ಸಿಂಗ್ ಪ್ರಕರಣದಲ್ಲಿ ಹೇಳಿ, 42ನೇ ಕಲಮನ್ನು ಪಾಲಿಸಲಿಲ್ಲವೆಂದು ಆರೋಪಿಗಳನ್ನು ಬಿಡುಗಡೆ ಮಾಡಿತು.

ಇನ್ನು 50ನೇ ಕಲಮು. ಮೈ ಶೋಧಕ್ಕೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲೇ ಶೋಧ ನಡೆಯಲಿ ಎಂದು ಕೇಳುವ ಹಕ್ಕು ಆ ವ್ಯಕ್ತಿಗೆ ಇದೆ. ಆ ಹಕ್ಕು ಇದೆಯೆಂದು ಅವನಿಗೆ ಸ್ಪಷ್ಟವಾಗಿ ತಿಳಿಸುವುದು ಕಡ್ಡಾಯ ಎಂದು 1999ರ ಬಲದೇವ್ ಸಿಂಗ್ ತೀರ್ಪಿನಲ್ಲೂ 2010ರ ವಿಜಯಸಿಂಹ ಜಡೇಜಾ ತೀರ್ಪಿನಲ್ಲೂ ಸಂವಿಧಾನ ಪೀಠಗಳು ಹೇಳಿವೆ. ಚೀಲಕ್ಕೂ ವಾಹನಕ್ಕೂ ಈ ಕಲಮು ಅನ್ವಯಿಸುವುದಿಲ್ಲ, ತುರ್ತಿದ್ದಾಗ ವಿನಾಯಿತಿಯೂ ಇದೆ. ಆದರೆ ವಿನಾಯಿತಿಗೂ ಕಾರಣ ಬರೆಯಲೇಬೇಕು. ಇಷ್ಟೆಲ್ಲ ತೀರ್ಪುಗಳ ಫಲವಾಗಿ ಮಹಜರುಗಳಲ್ಲಿ ಆದದ್ದೇನು? ‘ಸದರಿ ಆಸಾಮಿಗೆ ಅವನ ಹಕ್ಕಿನ ಬಗ್ಗೆ ತಿಳಿಸಲಾಗಿ, ಅವನು ನಿಮ್ಮ ಮೇಲೆ ನಂಬಿಕೆಯಿದೆ, ನೀವೇ ಶೋಧಿಸಿ ಎಂದು ತಿಳಿಸಿದ್ದು’ ಎಂಬ ಸಾಲು ಸೇರಿಕೊಂಡಿತು. ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಆರೋಪಿಗಳೆಲ್ಲ ಒಂದೇ ಮಾತನ್ನು, ಅದೇ ಪದಗಳಲ್ಲಿ, ಅದೇ ಅಲ್ಪವಿರಾಮದೊಂದಿಗೆ ಆಡಿದ್ದನ್ನು ನಾನು ಓದಿದ್ದೇನೆ. ನಮ್ಮನ್ನು ಕಂಡು ಓಡಲು ಯತ್ನಿಸಿದ, ಬೆನ್ನಟ್ಟಿ ಹಿಡಿಯಲಾಯಿತು ಎಂಬುದೂ ಹಾಗೆಯೇ. ಸ್ವತಂತ್ರ, ಗೌರವಸ್ಥ ಸ್ಥಳೀಯರಾಗಿರಬೇಕಾದ ಪಂಚರ ಹೆಸರುಗಳೂ ಕೆಲವು ಠಾಣೆಗಳ ಕಡತಗಳಲ್ಲಿ ನನಗೆ ನೆಂಟರಷ್ಟು ಪರಿಚಿತವಾಗಿಬಿಟ್ಟಿದ್ದವು. ಹೊಸ ಸಂಹಿತೆಯ ಚಿತ್ರೀಕರಣ ನಿಯಮ ಈ ಬಾಯಿಪಾಠದ ಗದ್ಯಕ್ಕೆ ಮದ್ದಾಗಬಹುದು ಎಂಬ ನಿರೀಕ್ಷೆ ನನ್ನದು. ಕ್ಯಾಮೆರಾ ಆನ್ ಆದರೆ ಮಾತ್ರ.

ಮೊಬೈಲ್ ಕುರಿತು ನಮ್ಮದೇ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ದಾರಿ ತೋರಿಸಿದೆ. ಸ್ಮಾರ್ಟ್‌ಫೋನ್, ಲ್ಯಾಪ್‌ಟಾಪ್‌ಗಳ ಒಳಗಿನ ಮಾಹಿತಿಯ ಶೋಧಕ್ಕೂ ಸ್ಥಳ ಶೋಧದ ನಿಯಮಗಳೇ ಅನ್ವಯವಾಗುತ್ತವೆ, ಸಾಮಾನ್ಯವಾಗಿ ನ್ಯಾಯಾಲಯದಿಂದ ಶೋಧನಾ ವಾರಂಟ್ ಪಡೆಯಬೇಕು, ತುರ್ತಿದ್ದು ವಾರಂಟಿಲ್ಲದೆ ನೋಡಬೇಕಾದರೆ ಕಾರಣಗಳನ್ನು ಬರಹದಲ್ಲಿಡಬೇಕು ಎಂದಿತು. ಅದು ತನಿಖೆ ನಡೆಯುತ್ತಿರುವ ಪ್ರಕರಣಕ್ಕೆ ಹೇಳಿದ ಮಾತು. ಯಾವ ಪ್ರಕರಣವೂ ಇಲ್ಲದ ದಾರಿಹೋಕನ ವಾಟ್ಸ್ಆ್ಯಪ್‌ಗೆ ಕಾನ್‌ಸ್ಟೇಬಲ್ ಕೈ ಹಾಕುವುದನ್ನು ಯಾವ ನ್ಯಾಯಾಲಯ ಸಮರ್ಥಿಸೀತು? ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೈದರಾಬಾದಿನ ರಸ್ತೆಗಳಲ್ಲಿ ಪೊಲೀಸರು ಯುವಕರ ಫೋನ್ ಪಡೆದು ಗಾಂಜಾ ಎಂಬ ಪದ ಹುಡುಕುತ್ತಿದ್ದ ದೃಶ್ಯಗಳು ಹರಿದಾಡಿ ದೇಶವೆಲ್ಲ ಚರ್ಚೆಯಾಯಿತು. ಅಲ್ಲಿ ನಗೆಪಾಟಲಾದದ್ದನ್ನು ಇಲ್ಲಿ ನಾವೇಕೆ ರೂಢಿ ಮಾಡಿಕೊಳ್ಳಬೇಕು? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕನ್ನು ದೇಶಕ್ಕೆ ಗೆದ್ದುಕೊಟ್ಟವರ ರಾಜ್ಯದಲ್ಲೇ ಅದು ಬ್ಯಾರಿಕೇಡಿನ ಬಳಿ ಕಳೆದುಹೋಗಬಾರದು.

ಮಹಿಳೆಯರ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ. ಮಹಿಳೆಯ ಮೈ ಶೋಧವನ್ನು ಮಹಿಳೆಯೇ, ಸಭ್ಯತೆಗೆ ಕಟ್ಟುನಿಟ್ಟಾಗಿ ಬದ್ಧಳಾಗಿ ನಡೆಸಬೇಕು ಎಂದು 49 ಮತ್ತು 103ನೇ ಕಲಮುಗಳಲ್ಲಿ ಇದೆ. ಕೈಚೀಲ ಮೈಯ ಭಾಗವಲ್ಲ ಎಂದು ಯಾರಾದರೂ ತರ್ಕ ಮಾಡಿಯಾರು. ಚುನಾವಣಾ ಕಾಲದ ತಪಾಸಣೆಗೆ ಚುನಾವಣಾ ಆಯೋಗ ಕೊಟ್ಟ ಕಾರ್ಯವಿಧಾನವನ್ನು ಅವರು ನೋಡಬೇಕು: ಮಹಿಳಾ ಅಧಿಕಾರಿ ಇಲ್ಲದೆ ಮಹಿಳೆಯ ಪರ್ಸ್ ತೆರೆಸುವಂತಿಲ್ಲ, ತಪಾಸಣೆಯ ವಿಡಿಯೊ ಆಗಲೇಬೇಕು. ಮತ ಕೇಳುವ ಕಾಲದಲ್ಲಿ ಪಾಲಿಸಲು ಸಾಧ್ಯವಾಗುವ ಶಿಸ್ತು ಮತ ಹಾಕಿದ ಮೇಲೆ ಏಕೆ ಸಾಧ್ಯವಾಗುವುದಿಲ್ಲ?

ನಿಮ್ಮ ಸಿಬ್ಬಂದಿಯ ಕಡೆಯ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿಯಿಡೀ ಮಳೆಯಲ್ಲಿ ನಿಲ್ಲುವವರು ಅವರು. ಸರಗಳ್ಳರೂ ಗಾಂಜಾ ಸಾಗಿಸುವವರೂ ಇದೇ ರಸ್ತೆಗಳಲ್ಲೇ ಓಡಾಡುತ್ತಾರೆ. ಎದುರಿನವನ ಸೊಂಟದಲ್ಲಿ ಚಾಕು ಇರಬಹುದು ಎಂಬ ಭಯ ಸುಳ್ಳಲ್ಲ. ಪ್ರತಿ ಡಿಕ್ಕಿಗೂ ಪಂಚರನ್ನು ಎಲ್ಲಿಂದ ತರಲಿ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಶಂಕೆ ಬಂದ ವ್ಯಕ್ತಿಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಶಂಕೆಗೆ ಕಾರಣವೇನೆಂದು ಎರಡು ಸಾಲು ಬರೆಯಿರಿ ಎನ್ನುತ್ತಿದ್ದೇನೆ. ಕಾರಣ ಇದ್ದವರಿಗೆ ಎರಡು ಸಾಲು ಬರೆಯುವುದು ಕಷ್ಟವಲ್ಲ. ಕಾರಣ ಇಲ್ಲದವರಿಗೆ ಮಾತ್ರ ಅದು ಕಷ್ಟ. ಹಾಗೆ ಕಷ್ಟವಾಗಲಿ ಎಂದೇ ಕಾನೂನು ಅದನ್ನು ಕೇಳುತ್ತದೆ.

ನಿಯಮ ಮುರಿದರೆ ಏನಾಗುತ್ತದೆ? ಬಹುಮಟ್ಟಿಗೆ ಏನೂ ಆಗುವುದಿಲ್ಲ ಎಂಬುದು ಕಹಿ ಸತ್ಯ. ಅಕ್ರಮವಾಗಿ ಶೋಧಿಸಿ ತಂದ ಸಾಕ್ಷ್ಯವನ್ನು ಆ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ ಎಂದು 1973ರ ಪೂರಣ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾದಕವಸ್ತು ಕಾಯ್ದೆಯ 50ನೇ ಕಲಮಿನಂಥ ಕೆಲವೆಡೆ ಬಿಟ್ಟರೆ ಇಂದಿಗೂ ಅದೇ ದಾರಿ. ಅಂದರೆ ಏನಾದರೂ ಸಿಕ್ಕರೆ ಶೋಧದ ತಪ್ಪು ಮುಚ್ಚಿಹೋಗುತ್ತದೆ, ಸಿಗದಿದ್ದರೆ ಶೋಧವೇ ನಡೆದಿಲ್ಲವೆಂಬಂತಾಗುತ್ತದೆ. ಇದು ಹೀಗಾಗಬಾರದೆಂದು ಯೋಚಿಸಿದವರು ಮೊದಲೇ ಇದ್ದರು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಖಾಜಿ ಸೈಯದ್ ಕರೀಮುದ್ದೀನ್ ಅವರು ಸಕಾರಣವಿಲ್ಲದ ಶೋಧ ಮತ್ತು ಜಪ್ತಿಗಳಿಂದ ರಕ್ಷಣೆ ಕೊಡುವ ತಿದ್ದುಪಡಿಯೊಂದನ್ನು ಮಂಡಿಸಿದರು. ಈ ರಕ್ಷಣೆ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದರೂ ಶಾಸಕಾಂಗ ಅದನ್ನು ಕಿತ್ತುಹಾಕದಂತೆ ಸಂವಿಧಾನದಲ್ಲೇ ಇರುವುದು ಒಳ್ಳೆಯದೆಂದು ಡಾ. ಅಂಬೇಡ್ಕರ್ ಅದನ್ನು ಸ್ವೀಕರಿಸಲು ಸಿದ್ಧರಿದ್ದರು. ಮತಕ್ಕೆ ಹಾಕಿದಾಗ ಸಭೆ ತಿರಸ್ಕರಿಸಿತು. ಅಂದು ಕೈತಪ್ಪಿದ ಆ ಸಾಲಿನ ಜಾಗವನ್ನು ಇಂದು ಇಲಾಖೆಯ ಒಳಗಿನ ಶಿಸ್ತೇ ತುಂಬಬೇಕಾಗಿದೆ, ಅದಕ್ಕಾಗಿಯೇ ನ್ಯಾಯಾಲಯಕ್ಕಲ್ಲದೆ ತಮಗೆ ಬರೆಯುತ್ತಿದ್ದೇನೆ.

‘ಕರ್ತವ್ಯಕ್ಕೆ ಅಡ್ಡಿ’ ಎಂಬ ಬೆದರಿಕೆಯ ಬಗ್ಗೆಯೂ ಒಂದು ಮಾತು. ಮೊದಲು ಹಳೆಯ ಭಾರತೀಯ ದಂಡ ಸಂಹಿತೆಯ 353 ಎನ್ನುತ್ತಿದ್ದರು, ಈಗ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು. ಎರಡು ವರ್ಷದವರೆಗೆ ಸೆರೆವಾಸ ಇರುವ ಆ ಅಪರಾಧಕ್ಕೆ ಸರ್ಕಾರಿ ನೌಕರನ ಮೇಲೆ ಹಲ್ಲೆ ಅಥವಾ ಅಪರಾಧಿಕ ಬಲಪ್ರಯೋಗ ನಡೆದಿರಬೇಕು. ಯಾವ ಕಲಮಿನಡಿ ಎಂದು ಕೇಳುವುದು ಹಲ್ಲೆಯಲ್ಲ. ಪೊಲೀಸರ ಸೂಚನೆಗಳನ್ನು ಪಾಲಿಸಬೇಕೆನ್ನುವ 172ನೇ ಕಲಮು ಹೊಸ ಸುರಕ್ಷಾ ಸಂಹಿತೆಯಲ್ಲಿ ಬಂದಿದೆ, ನಿಜ. ಅದೂ ‘ಕಾನೂನುಬದ್ಧ’ ಸೂಚನೆಗಳ ಮಾತನ್ನಷ್ಟೇ ಆಡುತ್ತದೆ.

ಈ ಬೆದರಿಕೆ ಯಾರ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ನೀವು ಊಹಿಸಬಲ್ಲಿರಿ. ಗಾಜಿಗೆ ಕಪ್ಪು ಪರದೆ ಹಾಕಿದ ದೊಡ್ಡ ಕಾರೊಂದು ನಮ್ಮೆದುರೇ ಅದೇ ನಾಕಾಬಂದಿಯನ್ನು ನಿಲ್ಲದೆ ದಾಟಿಹೋಯಿತು. ನಿಂತವರು ಬೈಕಿನವರು, ಆಟೊದವರು, ಊಟ ತಲುಪಿಸುವ ಹುಡುಗರು. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಡರಾತ್ರಿ ನಡೆದುಹೋಗುತ್ತಿದ್ದ ದಂಪತಿಯನ್ನು ಗಸ್ತಿನವರು ತಡೆದು, ಫೋನ್ ಕಿತ್ತುಕೊಂಡು, ಹಣ ವಸೂಲು ಮಾಡಿದ ಪ್ರಕರಣ ತಮಗೆ ನೆನಪಿರಬಹುದು. ಅವರು ಸಾಮಾಜಿಕ ಜಾಲತಾಣದಲ್ಲಿ ಬರೆಯಬಲ್ಲವರಾಗಿದ್ದರಿಂದ ಮರುದಿನವೇ ಕ್ರಮವಾಯಿತು. ಬರೆಯಲಾರದವರು ರಾಜ್ಯದಲ್ಲಿ ಹೆಚ್ಚು. ಪೊಲೀಸರ ವಿರುದ್ಧ ದೂರು ಕೇಳುವ ರಾಜ್ಯ ಪ್ರಾಧಿಕಾರವೊಂದು ಇದೆ ಎಂಬುದು, ಅದು 2006ರ ಪ್ರಕಾಶ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಫಲವೆಂಬುದು ಅವರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಇಲಾಖೆ ಮನಸ್ಸು ಮಾಡಿದರೆ ಬದಲಾವಣೆ ಸಾಧ್ಯ ಎಂಬುದಕ್ಕೆ ಉದಾಹರಣೆಯೂ ಇದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಸಂಚಾರ ತಪಾಸಣೆಗೆ ಬೈಕ್ ತಡೆದಾಗ ಸಂಭವಿಸಿದ ಅಪಘಾತದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಪುಟ್ಟ ಮಗುವೊಂದು ಜೀವ ಕಳೆದುಕೊಂಡಿತು. ಆ ಬಳಿಕ, ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದೇ ವಾಹನ ನಿಲ್ಲಿಸಬಾರದು, ಹಠಾತ್ತನೆ ಅಡ್ಡ ಬರಬಾರದು, ಕೀಲಿ ಕಿತ್ತುಕೊಳ್ಳಬಾರದು ಎಂಬ ಸೂಚನೆಗಳು ತಮ್ಮ ಕಚೇರಿಯಿಂದಲೇ ಹೊರಟವು. ಅದಕ್ಕೆ ಕೃತಜ್ಞತೆಗಳು. ಅದೇ ಲೇಖನಿಯಿಂದ ಇನ್ನೊಂದು ಸುತ್ತೋಲೆ ಹೊರಡಲಿ ಎಂಬುದು ನನ್ನ ಕೋರಿಕೆ, ಈ ಬಾರಿ ಮಗುವೊಂದು ಸಾಯುವವರೆಗೆ ಕಾಯದೆ.

ಆ ಸುತ್ತೋಲೆಯಲ್ಲಿ ಮೊಟ್ಟಮೊದಲು ಇರಬೇಕಾದದ್ದು ಶೋಧ ಚೀಟಿ. ದಂಡ ವಸೂಲಿಗೆ ಕೈಯಲ್ಲೊಂದು ಯಂತ್ರ ಹಿಡಿದು ನಿಮಿಷದೊಳಗೆ ರಸೀದಿ ಮುದ್ರಿಸಿ ಕೊಡುವ ಇಲಾಖೆಗೆ ಇದು ಭಾರವಲ್ಲ. ಯಾವುದೇ ವ್ಯಕ್ತಿಯ ಮೈ, ಚೀಲ ಅಥವಾ ವಾಹನ ಶೋಧಿಸಿದರೆ ಅಧಿಕಾರಿಯ ಹೆಸರು, ದರ್ಜೆ, ಸಮಯ, ಸ್ಥಳ, ಯಾವ ಕಲಮು, ಶಂಕೆಗೆ ಕಾರಣವೇನು, ಏನು ಸಿಕ್ಕಿತು ಅಥವಾ ಏನೂ ಸಿಗಲಿಲ್ಲ ಎಂಬುದನ್ನು ನಮೂದಿಸಿ ಒಂದು ಪ್ರತಿ ಆ ವ್ಯಕ್ತಿಯ ಕೈಗೆ, ಇನ್ನೊಂದು ಠಾಣೆಯ ಪುಸ್ತಕಕ್ಕೆ ಹೋಗಲಿ. ಇಂಗ್ಲೆಂಡಿನಲ್ಲಿ ರಸ್ತೆ ಶೋಧದ ದಾಖಲೆ ಇಡುವ ಮತ್ತು ಕೇಳಿದವರಿಗೆ ಅದರ ಪ್ರತಿ ಕೊಡುವ ಹೊಣೆಯನ್ನು 1984ರ ಕಾಯ್ದೆಯಲ್ಲೇ ಪೊಲೀಸರಿಗೆ ಹೊರಿಸಲಾಗಿದೆ. ಅದರಿಂದ ಅಲ್ಲಿನ ಪೊಲೀಸರ ಕೈ ಕಟ್ಟಿಹೋಗಿಲ್ಲ. ಗೃಹರಕ್ಷಕರು ಶೋಧ ನಡೆಸಕೂಡದು, ಮಹಿಳಾ ಸಿಬ್ಬಂದಿ ಇಲ್ಲದ ನಾಕಾಬಂದಿಯಲ್ಲಿ ಮಹಿಳೆಯರ ಚೀಲ ಮುಟ್ಟಕೂಡದು, ದಾಖಲೆ ನೋಡಲು ಪಡೆದ ಮೊಬೈಲ್ ನೇರವಾಗಿ ಮಾಲೀಕನ ಕೈಗೇ ಮರಳಬೇಕೇ ಹೊರತು ಅದರೊಳಗೆ ಬೇರೇನನ್ನೂ ತೆರೆಯಕೂಡದು ಎಂದೂ ಬರೆಯಿರಿ. ಎದೆಯ ಕ್ಯಾಮೆರಾ ಇರುವವರು ಅದನ್ನು ಚಾಲೂ ಮಾಡದೆ ನಡೆಸಿದ ಶೋಧಕ್ಕೆ ಲಿಖಿತ ವಿವರಣೆ ಕೇಳಿ. ಪ್ರತಿ ನಾಕಾಬಂದಿಯಲ್ಲೂ ಈ ನಿಯಮಗಳ ಫಲಕವೊಂದು ಕನ್ನಡದಲ್ಲಿ, ಹೆಡ್‌ಲೈಟ್ ಬೆಳಕಿಗೆ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ನಿಲ್ಲಲಿ. ಕೆಳಗೆ ದೂರು ಪ್ರಾಧಿಕಾರದ ವಿಳಾಸವಿರಲಿ.

ಮತ್ತು ಲೆಕ್ಕ ಕೊಡಿ. ಪ್ರತಿ ಜಿಲ್ಲೆಯಲ್ಲಿ ತಿಂಗಳಿಗೆ ಎಷ್ಟು ಶೋಧಗಳು ನಡೆದವು, ಅವುಗಳಲ್ಲಿ ಎಷ್ಟರಲ್ಲಿ ಏನಾದರೂ ಸಿಕ್ಕಿತು ಎಂಬ ಎರಡು ಅಂಕಿಗಳನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ. ನಾಕಾಬಂದಿಗಳಿಂದ ಅಪರಾಧ ತಗ್ಗುತ್ತಿದೆ ಎಂಬ ವಾದ ಸರಿಯಿದ್ದರೆ ಆ ಅಂಕಿಗಳೇ ಅದನ್ನು ಸಾರುತ್ತವೆ. ನಾನೇ ಮೊದಲು ಒಪ್ಪಿಕೊಳ್ಳುತ್ತೇನೆ. ನೂರು ಜನರನ್ನು ತಡಕಿ ಒಬ್ಬನನ್ನು ಹಿಡಿಯುತ್ತಿದ್ದೇವೆಯೋ ಹತ್ತು ಜನರಲ್ಲಿ ಒಬ್ಬನನ್ನೋ ಎಂಬುದು ಗೊತ್ತಿಲ್ಲದೆ ಸಿಬ್ಬಂದಿಯನ್ನು ರಾತ್ರಿಯಿಡೀ ನಿಲ್ಲಿಸುವುದು ಅವರಿಗೂ ಮಾಡುವ ಅನ್ಯಾಯ.

ಈ ಎರಡು ಅಂಕಿಗಳನ್ನು ಕೋರಿ ಮಾಹಿತಿ ಹಕ್ಕು ಕಾಯ್ದೆಯಡಿ ನನ್ನ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಅರ್ಜಿಯನ್ನೂ ಸಲ್ಲಿಸುತ್ತಿದ್ದೇನೆ. 30 ದಿನಗಳೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು, ಅದು ಏನೇ ಇರಲಿ, ಇದೇ ರೀತಿ ಬಹಿರಂಗವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನ್ಯಾಯಾಂಗ ನೌಕರ